ಕೃಷಿ ಭೂಗೋಳದ ಪ್ರಮುಖ ಪರಿಕಲ್ಪನೆಗಳು ಮತ್ತು ಕರ್ನಾಟಕದ ಜನಪದ ಭೂವರ್ಗೀಕರಣ

ಪ್ರವೇಶ

ಮನುಷ್ಯನು ತನ್ನ ಆಹಾರವನ್ನು ಎಲ್ಲಿ, ಯಾವ ಕಾಲದಲ್ಲಿ, ಯಾವ ವಿಧಾನದಿಂದ ಉತ್ಪಾದಿಸುತ್ತಾನೆ, ಉತ್ಪಾದಿಸಿದ್ದು ಯಾರ ಪಾಲಾಗುತ್ತದೆ ಎಂಬ ಪ್ರಶ್ನೆಗಳನ್ನು ಸ್ಥಳದ ನೆಲೆಯಿಂದ ಪರಿಶೀಲಿಸುವ ಜ್ಞಾನಶಾಖೆಯೇ ಕೃಷಿ ಭೂಗೋಳ. ಒಂದು ಶಾಸ್ತ್ರವಾಗಿ ಇದರ ಇತಿಹಾಸ ಎರಡು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ. ಜರ್ಮನಿಯ ಜಮೀನ್ದಾರನೂ ಅರ್ಥಶಾಸ್ತ್ರಜ್ಞನೂ ಆಗಿದ್ದ ಯೋಹಾನ್ ಹೈನ್ರಿಕ್ ಫಾನ್ ಥ್ಯೂನೆನ್ 1826ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ನಗರದಿಂದ ಇರುವ ದೂರವೇ ಸುತ್ತಲಿನ ಬೆಳೆಯನ್ನು ನಿರ್ಧರಿಸುತ್ತದೆಂಬ ವಾದವನ್ನು ಮಂಡಿಸಿದನು. ಅಮೆರಿಕದ ಡರ್ವೆಂಟ್ ವಿಟಲ್ಸಿ 1936ರಲ್ಲಿ ಜಗತ್ತನ್ನು ಕೃಷಿ ಪ್ರದೇಶಗಳಾಗಿ ವಿಂಗಡಿಸಿದನು. 1954ರಲ್ಲಿ ಜಾನ್ ವೀವರ್ ಬೆಳೆ ಸಂಯೋಜನೆಯನ್ನು ಅಳೆಯುವ ಗಣಿತ ಕ್ರಮವೊಂದನ್ನು ರೂಪಿಸಿದನು. ವಲಯ, ಋತು, ಭೂಬಳಕೆ, ಸಾಂದ್ರತೆ, ಬೆಳೆ ಸಂಯೋಜನೆ, ಜೀವನಾಧಾರ ಬೇಸಾಯ, ವಾಣಿಜ್ಯ ಬೇಸಾಯ ಮೊದಲಾದ ಪರಿಕಲ್ಪನೆಗಳು ಈ ಪರಂಪರೆಯಲ್ಲಿ ಸಿದ್ಧಗೊಂಡು ಇಂದು ಪಠ್ಯಪುಸ್ತಕಗಳಲ್ಲಿಯೂ ಯೋಜನಾ ದಾಖಲೆಗಳಲ್ಲಿಯೂ ಬಳಕೆಯಲ್ಲಿವೆ.

ಇದೇ ವಿಷಯಗಳನ್ನು ಕುರಿತು ಕರ್ನಾಟಕದ ಬೇಸಾಯಗಾರ ಸಮುದಾಯಗಳು ತಮ್ಮದೇ ಆದ ಪರಿಭಾಷೆಯನ್ನು ಬೆಳೆಸಿಕೊಂಡು ಬಂದಿವೆ. ಎರೆ, ಮಸಾರಿ, ಬೈಲು, ಮಜಲು, ಬೆಟ್ಟು, ಮಕ್ಕಿ, ಬ್ಯಾಣ, ಗಜನಿ, ಅಕ್ಕಡಿ, ಬೆದೆ ಮೊದಲಾದ ಪದಗಳನ್ನು ಗ್ರಾಮೀಣ ಶಬ್ದಸಂಪತ್ತಿನ ಮಾದರಿಗಳೆಂದು ಸಂಗ್ರಹಿಸುವ ಕೆಲಸ ಜಾನಪದ ಕ್ಷೇತ್ರದಲ್ಲಿ ಸಾಕಷ್ಟು ನಡೆದಿದೆ. ಆದರೆ ಇವು ಕೇವಲ ಹೆಸರುಗಳಲ್ಲ, ಪರಿಕಲ್ಪನೆಗಳು. ಶಾಸ್ತ್ರವು ಭೂಮಿಯನ್ನು ವಿಸ್ತೀರ್ಣದಿಂದ ಗುರುತಿಸಿದರೆ, ಜನಪದವು ಅದನ್ನು ಸಂಬಂಧದಿಂದ ಗುರುತಿಸುತ್ತದೆ: ಮಣ್ಣಿಗೂ ಕಾಲಕ್ಕೂ, ಇಳಿಜಾರಿಗೂ ನೀರಿಗೂ, ತೋಟಕ್ಕೂ ಕಾಡಿಗೂ, ಹೊಲಕ್ಕೂ ಊಟಕ್ಕೂ ಇರುವ ಸಂಬಂಧದಿಂದ. ಆ ಸಂಬಂಧ ಕಡಿದಾಗ ಪದವು ನಿಘಂಟಿನಲ್ಲಿ ಉಳಿದರೂ ಪರಿಕಲ್ಪನೆ ಉಳಿಯುವುದಿಲ್ಲ. ಈ ಅಂಶವನ್ನು ಕೃಷಿ ಭೂಗೋಳದ ಕೆಲವು ಮುಖ್ಯ ಪರಿಕಲ್ಪನೆಗಳ ಮೂಲಕ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ವಲಯ

ಹವಾಮಾನ, ಮಣ್ಣು, ಭೂಸ್ವರೂಪ ಮತ್ತು ಬೆಳೆಗಳಲ್ಲಿ ಒಂದು ಬಗೆಯ ಏಕರೂಪತೆಯುಳ್ಳ ಪ್ರದೇಶವನ್ನು ಕೃಷಿ ವಲಯವೆನ್ನುತ್ತಾರೆ. ಕರ್ನಾಟಕವನ್ನು ಕೃಷಿ ವಿಜ್ಞಾನಿಗಳು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಈಶಾನ್ಯ, ಉತ್ತರ, ಮಧ್ಯ, ಪೂರ್ವ ಹಾಗೂ ದಕ್ಷಿಣದ ಒಣ ವಲಯಗಳು ಐದು. ಪರಿವರ್ತನಾ ವಲಯಗಳು ಮೂರು. ಗುಡ್ಡಗಾಡು ಮತ್ತು ಕರಾವಳಿ ವಲಯಗಳು ತಲಾ ಒಂದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿದರೆ, ಅಲ್ಲಿಂದ ಇನ್ನೂರು ಕಿಲೋಮೀಟರು ಆಚೀಚೆ ಇರುವ ಚಳ್ಳಕೆರೆ ಸೀಮೆಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಬೀಳುವುದಿಲ್ಲ. ಒಂದೇ ರಾಜ್ಯದೊಳಗಿನ ಈ ಅಂತರವೇ ಇಷ್ಟು ವಲಯಗಳನ್ನು ಅಗತ್ಯಗೊಳಿಸಿದೆ.

ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ಜನಪದ ವಿಂಗಡಣೆ ಇದಕ್ಕಿಂತ ಬಹು ಹಳೆಯದು. ಮಲೆನಾಡಿಗೂ ಬಯಲಿಗೂ ನಡುವಣ ಸೀಮೆಯನ್ನು ಅರೆಮಲೆನಾಡು ಅಥವಾ ಮಲೆನಾಡಿನ ಸೆರಗು ಎಂದು ಕರೆಯುವಲ್ಲಿ, ವಿಜ್ಞಾನಿಗಳು ಪರಿವರ್ತನಾ ವಲಯವೆಂದು ಹೆಸರಿಸಿರುವುದನ್ನೇ ಜನ ತಮ್ಮ ರೀತಿಯಲ್ಲಿ ಹೇಳಿದ್ದಾರೆ. ಸೆರಗು ಎಂಬ ರೂಪಕ ಇಲ್ಲಿ ಅರ್ಥಪೂರ್ಣವಾದುದು. ಗಡಿಯೆಂದರೆ ಗೆರೆ, ಸೆರಗು ಹಾಗಲ್ಲ, ಅದು ಬಟ್ಟೆಯದೇ ಭಾಗ. ಭತ್ತವೂ ಜೋಳವೂ ಅಕ್ಕಪಕ್ಕದಲ್ಲಿ ಬೆಳೆಯುವ, ಅನ್ನವೂ ರೊಟ್ಟಿಯೂ ಒಂದೇ ಮನೆಯಲ್ಲಿ ಬೇಯುವ ಸೀಮೆಯನ್ನು ಗೆರೆಯಿಂದ ತೋರಿಸಲಾಗದು. ಆದಕಾರಣ ಜನಪದ ವಲಯದ ಕಲ್ಪನೆಯಲ್ಲಿ ನೆಲ, ಬೆಳೆ, ಉಣಿಸು ಮೂರೂ ಸೇರಿಕೊಂಡಿವೆ. ಜೋಳದ ಸೀಮೆ, ರಾಗಿಯ ಸೀಮೆ, ಅಕ್ಕಿಯ ಸೀಮೆ ಎಂಬ ಮಾತುಗಳು ಬೆಳೆಯನ್ನೂ ಅಲ್ಲಿಯ ಜನರ ದಿನನಿತ್ಯದ ಊಟವನ್ನೂ ಒಮ್ಮೆಗೇ ಸೂಚಿಸುತ್ತವೆ.

2. ಕಾಲ ಮತ್ತು ಮಣ್ಣು

ಕೃಷಿ ಭೂಗೋಳದಲ್ಲಿ ಋತುವೆಂದರೆ ಬೆಳೆಯ ಅವಧಿ. ನೈಋತ್ಯ ಮಾರುತದ ಕಾಲದ್ದು ಮುಂಗಾರು, ಅನಂತರದ್ದು ಹಿಂಗಾರು. ಜನಪದ ಕಾಲಗಣನೆ ಇದಕ್ಕಿಂತ ಸೂಕ್ಷ್ಮವಾದುದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದು ಮಳೆಯೆಂದು ಎಣಿಸಿ, ಏಪ್ರಿಲ್ ನಡುವಿನ ಅಶ್ವಿನಿಯಿಂದ ನವೆಂಬರಿನ ವಿಶಾಖದವರೆಗೆ ಪ್ರತಿಯೊಂದು ಮಳೆಗೂ ಒಂದು ಕೆಲಸವನ್ನು ನಿಗದಿಪಡಿಸಲಾಗಿದೆ. ರೋಹಿಣಿಯಲ್ಲಿ ಏನನ್ನು ಬಿತ್ತಬೇಕು, ಮಿರಗದಲ್ಲಿ ಏನು, ಹುಬ್ಬೆ ಉತ್ತರೆಗಳು ಕೈಕೊಟ್ಟರೆ ಯಾವ ಬೆಳೆಗೆ ಬದಲಾಗಬೇಕು ಎಂಬ ವಿವರಗಳು ಗಾದೆಗಳಲ್ಲಿ ಅಡಕವಾಗಿವೆ. ಮುಂಗಾರು ಸೋತಾಗಲೂ ಹೊಲ ಬರಿದಾಗದಂತೆ ನೋಡಿಕೊಳ್ಳುವ ಪರ್ಯಾಯ ಕ್ರಮ ಇದರಲ್ಲಿದೆ. ಕಾಲ ಮೀರಿ ಬಿದ್ದ ಮಳೆಗೆ ಹುರುಳಿ ಎರಚುವ ಪದ್ಧತಿ ಇದಕ್ಕೆ ಸರಳವಾದ ನಿದರ್ಶನ.

ಆದರೆ ಕಾಲವು ಮಣ್ಣನ್ನು ಬಿಟ್ಟು ಇಲ್ಲ. ವಿಜಯಪುರ, ಬಾಗಲಕೋಟೆ, ಗದಗ ಮೊದಲಾದ ಕಡೆಗಳ ಎರೆಭೂಮಿ ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮುಂಗಾರಿನಲ್ಲಿ ಆಳವಾದ ಎರೆಯೊಳಗೆ ಕಾಲಿಡುವುದೇ ಕಷ್ಟ. ಆದುದರಿಂದ ಅಲ್ಲಿಯ ರೈತರು ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಮತ್ತೆ ಮತ್ತೆ ಕುಂಟೆ ಹೊಡೆದು ಕಸ ತೆಗೆದು, ಮಳೆಯ ನೀರನ್ನು ನೆಲದೊಳಗೆ ಇಂಗಿಸುತ್ತಾರೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುತ್ತಾರೆ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಒಡಲಲ್ಲಿ ಉಳಿದ ಹಸಿಯಿಂದಲೇ ಬೆಳೆ ಬರುತ್ತದೆ. ತೆಳುವಾದ ಕೆಂಪು ಮಸಾರಿಗೆ ಈ ಶಕ್ತಿಯಿಲ್ಲ. ಮಳೆ ಬಿದ್ದಾಗಲೇ ಅಲ್ಲಿ ಬಿತ್ತಬೇಕು. ಹೀಗೆ ಎರೆ ಹಿಂಗಾರಿಗೂ ಮಸಾರಿ ಮುಂಗಾರಿಗೂ ಹೊಂದಿಕೊಂಡಿವೆ. ಎರಡೂ ಬಗೆಯ ಹೊಲವುಳ್ಳ ಕುಟುಂಬಕ್ಕೆ ವರ್ಷದಲ್ಲಿ ಎರಡು ಅವಕಾಶಗಳಿರುತ್ತವೆ. ವಿಜಯಪುರ ಜಿಲ್ಲೆಯ ಡೋಣಿ ನದಿ ಹರಿದ ವರ್ಷ ಓಣಿಗಳಲ್ಲೆಲ್ಲ ಕಾಳೇ ಕಾಳು ಎಂಬರ್ಥದ ಗಾದೆಯೂ ಆ ಕಣಿವೆಯ ಆಳವಾದ ಎರೆಯ ಗುಣವನ್ನೇ ಹೇಳುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಬಿತ್ತನೆಗೆ ತಕ್ಕ ನೆಲದ ಹದವನ್ನು ಬೆದೆ ಎನ್ನುತ್ತಾರೆ. ಹಸುವು ಗರ್ಭ ಧರಿಸಲು ಸಿದ್ಧವಾದ ಸ್ಥಿತಿಗೂ ಇದೇ ಹೆಸರು. ಇದು ಆಕಸ್ಮಿಕವಾದ ಸಾಮ್ಯವಲ್ಲ. ಆಶ್ವಯುಜ ಹುಣ್ಣಿಮೆಯಂದು ಮಲೆನಾಡಿನಲ್ಲಿ ಆಚರಿಸುವ ಭೂಮಿ ಹುಣ್ಣಿಮೆ, ಹೊಡೆ ತುಂಬಿದ ಭತ್ತದ ಗದ್ದೆಗೆ ಬಸುರಿಯ ಬಯಕೆ ಸಲ್ಲಿಸುವ ಆಚರಣೆ. ಉತ್ತರದ ಬಯಲಿನಲ್ಲಿ ಅದೇ ದಿನ ಸೀಗೆ ಹುಣ್ಣಿಮೆಯಾಗಿ ನಡೆಯುತ್ತದೆ. ಹಿಂಗಾರಿ ಜೋಳ ಎದ್ದು ನಿಂತ ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಹಬ್ಬಗಳ ಈ ಹಂಚಿಕೆಯನ್ನು ನಕಾಶೆಯ ಮೇಲೆ ಗುರುತಿಸಿದರೆ ಅದು ಬೆಳೆಗಳ ಋತು ನಕಾಶೆಯೇ ಆಗುತ್ತದೆ.

3. ಇಳಿಜಾರು ಮತ್ತು ನೀರು

ಬೆಳೆ ಸಾಂದ್ರತೆ ಎಂಬುದು ಕೃಷಿ ಭೂಗೋಳದ ಇನ್ನೊಂದು ಮುಖ್ಯ ಪರಿಕಲ್ಪನೆ. ವರ್ಷವೊಂದರಲ್ಲಿ ಬಿತ್ತಿದ ಒಟ್ಟು ವಿಸ್ತೀರ್ಣವನ್ನು ನಿವ್ವಳ ಸಾಗುವಳಿ ವಿಸ್ತೀರ್ಣದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಇದು ದೊರೆಯುತ್ತದೆ. ಒಂದೇ ಗದ್ದೆಯಲ್ಲಿ ಎರಡು ಬೆಳೆ ತೆಗೆದರೆ 200, ಮೂರು ತೆಗೆದರೆ 300. ಈ ಸಂಖ್ಯೆ ಎಷ್ಟು ಎಂಬುದನ್ನು ಹೇಳುತ್ತದೆ. ಏಕೆ ಎಂಬುದನ್ನು ಹೇಳುವುದಿಲ್ಲ.

ತುಳುನಾಡಿನ ಬೈಲು, ಮಜಲು, ಬೆಟ್ಟು ಎಂಬ ವರ್ಗೀಕರಣ ಆ ಕಾರಣವನ್ನೇ ಹೆಸರಾಗಿಸಿಕೊಂಡಿದೆ. ಕಣಿವೆಯ ತಳದಲ್ಲಿ ಸದಾ ನೀರು ನಿಲ್ಲುವ ಗದ್ದೆ ಬೈಲು. ಇಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು ಸಾಧ್ಯ. ನಡುವಣ ಮಟ್ಟದ ಮಜಲಿನಲ್ಲಿ ಏಣೆಲು ಮತ್ತು ಸುಗ್ಗಿ ಎಂಬ ಎರಡು ಬೆಳೆ. ಮೇಲಿನ ಬೆಟ್ಟುಗದ್ದೆ ಮಳೆಯನ್ನೇ ನಂಬಿದ್ದು. ಅಲ್ಲಿ ಏಣೆಲು ಒಂದೇ. ಘಟ್ಟದ ಮೇಲಿನ ಮಕ್ಕಿಗದ್ದೆಯೂ ಇದೇ ಬಗೆಯದು. ಹೀಗೆ ಗದ್ದೆಯ ಹೆಸರನ್ನು ಹೇಳಿದೊಡನೆ ಅದರ ಎತ್ತರ, ನೀರು, ಬೆಳೆಗಳ ಸಂಖ್ಯೆ, ತಕ್ಕ ತಳಿ, ಅಷ್ಟೇ ಅಲ್ಲ ಅದರ ಗೇಣಿಯ ಅಂದಾಜೂ ತಿಳಿಯುತ್ತಿತ್ತು. ಮೇಲಿನ ಗುಡ್ಡದಲ್ಲಿ ಇಂಗಿದ ನೀರೇ ಕೆಳಗಿನ ಬೈಲಿನಲ್ಲಿ ಒಸರಾಗಿ ಹೊರಡುವುದರಿಂದ ಈ ಮೂರೂ ಒಂದೇ ವ್ಯವಸ್ಥೆಯ ಅಂಗಗಳು. ಗುಡ್ಡ ಬೋಳಾದರೆ ಮೊದಲು ಬತ್ತುವುದು ಕೊಳಕೆ ಬೆಳೆಯ ನೀರು.

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಅಳಿವೆಯಂಚಿನ ಗಜನಿ ಭೂಮಿ ಈ ಸರಣಿಯ ಕೊನೆಯ ಮೆಟ್ಟಿಲು. ಉಬ್ಬರದ ಉಪ್ಪುನೀರು ಬಂದುಹೋಗುವ ಈ ನೆಲವನ್ನು ಒಡ್ಡು ಕಟ್ಟಿ ಗದ್ದೆಯಾಗಿಸಿಕೊಂಡು, ಮಳೆನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಉಪ್ಪು ಸಹಿಸುವ ಭತ್ತವನ್ನು ಬಿತ್ತುತ್ತಾರೆ. ಹೊಳೆ ತಂದ ಗೋಡೇ ಇದಕ್ಕೆ ಗೊಬ್ಬರ. ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಬಿಟ್ಟರೆ ಅದೇ ಗದ್ದೆ ಮೀನು ಸಿಗಡಿಗಳ ನೆಲೆಯಾಗುತ್ತದೆ. ಭತ್ತದ ಕೂಳೆ ಅವುಗಳಿಗೆ ಆಹಾರ. ಹೊಲವೂ ಹೊಳೆಯೂ ಆಗಿರುವ ಇಂಥ ನೆಲವನ್ನು ಭೂಬಳಕೆಯ ಯಾವ ಒಂದು ಅಂಕಣದಲ್ಲಿ ತುಂಬಬೇಕೆಂಬುದೇ ಸಮಸ್ಯೆ. ಸಿಗಡಿ ಸಾಕಣೆಯೊಂದನ್ನೇ ಲಾಭದಾಯಕವೆಂದು ಬಗೆದು ಅದಕ್ಕೇ ಮೀಸಲಿಟ್ಟ ಕಡೆಗಳಲ್ಲಿ ಕಗ್ಗ ಹಿಂದೆ ಸರಿಯಿತು. ಒಡ್ಡಿನ ಸಾಮೂಹಿಕ ಪಾಲನೆಯೂ ಸಡಿಲಗೊಂಡಿತು.

4. ಸಾಂದ್ರ ಬೇಸಾಯ ಮತ್ತು ಆಸರೆಯ ಭೂಮಿ

ಕಡಿಮೆ ನೆಲದಲ್ಲಿ ಹೆಚ್ಚು ದುಡಿಮೆ ಮತ್ತು ಬಂಡವಾಳ ತೊಡಗಿಸುವುದು ಸಾಂದ್ರ ಬೇಸಾಯ; ಹೆಚ್ಚು ನೆಲವನ್ನು ಕಡಿಮೆ ದುಡಿಮೆಯಿಂದ ಬಳಸುವುದು ವಿಸ್ತೃತ ಬೇಸಾಯ. ಎಸ್ಟರ್ ಬೋಸರಪ್ 1965ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಜನಸಂಖ್ಯೆ ಏರಿದಂತೆ ಭೂಮಿಯನ್ನು ಬೀಳುಬಿಡುವ ಅವಧಿ ಕಿರಿದಾಗುತ್ತ ಬೇಸಾಯ ಸಾಂದ್ರಗೊಳ್ಳುತ್ತದೆಂದು ವಾದಿಸಿದಳು. ಈ ಸರಣಿಯ ಒಂದು ತುದಿಯಲ್ಲಿರುವುದು ಕುಮರಿ ಬೇಸಾಯ. ಕಾಡಿನ ತುಣುಕೊಂದನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದುವನ್ನು ಒಂದೆರಡು ವರ್ಷ ಬೆಳೆದು, ಅನಂತರ ಅದನ್ನು ದೀರ್ಘಕಾಲ ಕಾಡಿಗೇ ಬಿಟ್ಟುಕೊಡುವ ಈ ಪದ್ಧತಿಯನ್ನು ಬ್ರಿಟಿಷ್ ಆಡಳಿತವು 19ನೆಯ ಶತಮಾನದ ನಡುಭಾಗದಿಂದ ನಿರ್ಬಂಧಿಸಿತು. ಬೀಳುಬಿಟ್ಟ ನೆಲವನ್ನು ಅದು ಪಾಳು ಎಂದು ಕಂಡಿತು. ಕುಮರಿ ಮಾಡುವವರ ದೃಷ್ಟಿಯಲ್ಲಿ ಅದು ವಿಶ್ರಾಂತಿಯಲ್ಲಿರುವ ಹೊಲ.

ಇನ್ನೊಂದು ತುದಿಯಲ್ಲಿರುವುದು ಮಲೆನಾಡಿನ ಅಡಕೆ ತೋಟ. ಅಡಕೆಯ ಬುಡದಲ್ಲಿ ಏಲಕ್ಕಿ, ಮೈಮೇಲೆ ಮೆಣಸಿನ ಬಳ್ಳಿ, ನಡುವೆ ಬಾಳೆ ಬೆಳೆಯುವ ಈ ತೋಟ ಸಾಂದ್ರ ಬೇಸಾಯದ ಉತ್ತಮ ಉದಾಹರಣೆಯಾಗಿ ಕಾಣುತ್ತದೆ. ಆದರೆ ತೋಟದ ಫಲವತ್ತತೆ ತೋಟದೊಳಗಿನದಲ್ಲ. ಸೊಪ್ಪಿನಬೆಟ್ಟದಿಂದ ತಂದ ಹಸಿರೆಲೆ ಮತ್ತು ತರಗು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ತೋಟಕ್ಕೆ ಬೀಳುತ್ತದೆ. ಬ್ಯಾಣದ ಹುಲ್ಲು ದನಗಳನ್ನು ಸಾಕುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಕ್ರಮವಿತ್ತು. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಕುಮ್ಕಿ, ಕೊಡಗಿನ ಬಾಣೆ ಇದೇ ಬಗೆಯ ಆಸರೆಯ ಭೂಮಿಗಳು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣ ಈ ಸವಲತ್ತುಗಳನ್ನು ಹೆಸರಿಸಿ ಗುರುತಿಸಿದೆ.

ಆದುದರಿಂದ ಒಂದು ಎಕರೆ ತೋಟವೆಂದರೆ ವಾಸ್ತವದಲ್ಲಿ ಹತ್ತು ಎಕರೆಯ ಭೂವ್ಯವಸ್ಥೆ. ಎಕರೆವಾರು ಇಳುವರಿಯ ಲೆಕ್ಕದಲ್ಲಿ ಬೆಟ್ಟವು ಕಾಣುವುದಿಲ್ಲ. ಸಾಂದ್ರವೆಂದು ತೋರುವುದು ಬೆಟ್ಟವನ್ನು ಸೇರಿಸಿಕೊಂಡಾಗ ವಿಸ್ತೃತವಾಗುತ್ತದೆ. ಸೊಪ್ಪು ಕಡಿಯುವವರ, ತರಗು ಗುಡಿಸುವವರ, ಹೊರೆ ಹೊರುವವರ ದುಡಿಮೆಯೂ ಇದೇ ರೀತಿ ಲೆಕ್ಕದಾಚೆ ಉಳಿದಿದೆ. ಇದರಲ್ಲಿ ಬಹುಪಾಲು ಹೆಂಗಸರದು ಮತ್ತು ಭೂಮಿಯಿಲ್ಲದವರದು ಎಂಬುದನ್ನು ಮರೆಯಲಾಗದು.

5. ಬೆಳೆ ಸಂಯೋಜನೆ: ಅಕ್ಕಡಿಯ ನಿದರ್ಶನ

ಒಂದು ಪ್ರದೇಶದಲ್ಲಿ ಯಾವ ಯಾವ ಬೆಳೆಗಳು ಎಷ್ಟೆಷ್ಟು ಪ್ರಮಾಣದಲ್ಲಿ ಒಟ್ಟಾಗಿ ಬೆಳೆಯುತ್ತವೆ ಎಂಬುದೇ ಬೆಳೆ ಸಂಯೋಜನೆ. ವೀವರನ ಕ್ರಮದಲ್ಲಿ ಬೆಳೆಗಳು ಆಕ್ರಮಿಸಿದ ವಿಸ್ತೀರ್ಣದ ಶೇಕಡಾ ಪ್ರಮಾಣವನ್ನು ಆದರ್ಶ ಹಂಚಿಕೆಗಳೊಡನೆ ಹೋಲಿಸುತ್ತಾರೆ. ಒಂದೇ ಬೆಳೆಯಾದರೆ ಶೇಕಡಾ 100, ಎರಡಾದರೆ ತಲಾ 50, ಹೀಗೆ. ಯಾವ ಹಂಚಿಕೆಗೆ ವ್ಯತ್ಯಾಸ ಅತಿ ಕಡಿಮೆಯೋ ಅದೇ ಆ ಪ್ರದೇಶದ ಸಂಯೋಜನೆ. ಬೇರೆ ಬೇರೆ ಹೊಲಗಳಲ್ಲಿ ಬೇರೆ ಬೇರೆ ಬೆಳೆಯಿರುವ ನಾಡಿಗೆ ಈ ಕ್ರಮ ಸೊಗಸಾಗಿ ಹೊಂದುತ್ತದೆ. ಒಂದೇ ಹೊಲದಲ್ಲಿ ಏಳೆಂಟು ಬೆಳೆಯಿರುವಲ್ಲಿ ಇದು ತೊಡಕಿಗೆ ಸಿಲುಕುತ್ತದೆ.

ಹಳೆಯ ಮೈಸೂರಿನ ರಾಗಿ ಹೊಲದ ಅಕ್ಕಡಿ ಅಂಥದು. ಕೂರಿಗೆಯಿಂದ ರಾಗಿಯನ್ನು ಸಾಲಾಗಿ ಬಿತ್ತುತ್ತ, ಹಿಂದೆ ಕಟ್ಟಿದ ಬಿದಿರಿನ ಕೊಳವೆಯ ಮೂಲಕ ನಿಗದಿತ ಅಂತರದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಸಾಸಿವೆಗಳನ್ನು ಬಿಡುತ್ತಾರೆ, ಅಂಚಿಗೆ ಹರಳು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ರಾಗಿಯೊಡನೆ ಬೇಳೆಕಾಳು ಎಣ್ಣೆಕಾಳುಗಳನ್ನು ಸಾಲುಬಿತ್ತುವ ಈ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾನೆ. 1807ರಲ್ಲಿ ಅವನ ಪ್ರವಾಸ ಗ್ರಂಥ ಪ್ರಕಟವಾಯಿತು.

ಅಕ್ಕಡಿಯ ಕಾರ್ಯವಿಧಾನ ಹೀಗಿದೆ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಒಂದರ ನೀರನ್ನು ಇನ್ನೊಂದು ಕಸಿಯುವುದು ಕಡಿಮೆ. ದ್ವಿದಳ ಸಸ್ಯಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ. ರಾಗಿ ಕೊಯ್ಲಾಗಿ ಹೊಲ ಬಯಲಾದ ಮೇಲೆ ಅವರೆ ಇಬ್ಬನಿಯಲ್ಲಿ ಚಿಗಿತು ಹೂ ಕಾಯಿ ಕಟ್ಟುತ್ತದೆ. ಮಳೆ ನಡುವೆ ಕೈಕೊಟ್ಟು ರಾಗಿ ಸೊರಗಿದರೂ ಇವುಗಳಲ್ಲಿ ಒಂದೆರಡಾದರೂ ಕೈಗೆ ಬರುತ್ತವೆ. ಉತ್ತರದ ಎರೆಹೊಲದಲ್ಲಿ ಬಿಳಿಜೋಳದ ಅಂಚಿಗೆ ಮುಳ್ಳುಳ್ಳ ಕುಸುಬೆ ಬಿತ್ತಿ ದನ ನುಗ್ಗದಂತೆ ತಡೆಯುವುದೂ ಇದೇ ವಿವೇಕದ ಇನ್ನೊಂದು ರೂಪ.

ಇಂಥ ಹೊಲದ ಉತ್ಪಾದಕತೆಯನ್ನು ಅಳೆಯಲು ಕೃಷಿ ವಿಜ್ಞಾನದಲ್ಲಿ ಭೂ ಸಮಾನತಾ ಅನುಪಾತ ಎಂಬ ಮಾನದಂಡವಿದೆ. ಮಿಶ್ರಬೆಳೆಯಲ್ಲಿ ಪ್ರತಿಯೊಂದು ಬೆಳೆಯ ಇಳುವರಿಯನ್ನು ಅದನ್ನೊಂದನ್ನೇ ಬೆಳೆದಾಗಿನ ಇಳುವರಿಯಿಂದ ಭಾಗಿಸಿ ಕೂಡಿಸಬೇಕು. ಉದಾಹರಣೆಗೆ, ಅಕ್ಕಡಿ ಹೊಲದ ರಾಗಿ ಒಂಟಿ ರಾಗಿಯ ಶೇಕಡಾ 80ರಷ್ಟು, ಅವರೆ ಒಂಟಿ ಅವರೆಯ ಶೇಕಡಾ 40ರಷ್ಟು ಬಂದರೆ ಅನುಪಾತ 1.2 ಆಗುತ್ತದೆ. ಅಂದರೆ ಇದೇ ಫಸಲನ್ನು ಬೇರೆ ಬೇರೆಯಾಗಿ ಬೆಳೆಯಲು 1.2 ಎಕರೆ ಬೇಕಾಗುತ್ತದೆ. ಎಕರೆಗೆ ಎಷ್ಟು ಕ್ವಿಂಟಾಲ್ ರಾಗಿ ಎಂಬ ಒಂದೇ ಪ್ರಶ್ನೆ ಕೇಳಿದಾಗ ಈ ಹೊಲ ಶೇಕಡಾ 20ರಷ್ಟು ಹಿಂದುಳಿದದ್ದು. ಎಲ್ಲವನ್ನೂ ಕೂಡಿಸಿ ಕೇಳಿದಾಗ ಶೇಕಡಾ 20ರಷ್ಟು ಮುಂದಿರುವುದು. ನೆಲ ಅದೇ, ಬೆಳೆ ಅದೇ. ಬದಲಾದದ್ದು ಪರಿಕಲ್ಪನೆ ಮಾತ್ರ. ಮುದ್ದೆಗೆ ರಾಗಿ, ಸಾರಿಗೆ ಅವರೆ ತೊಗರಿ, ಚಟ್ನಿಗೆ ಹುಚ್ಚೆಳ್ಳು, ಒಗ್ಗರಣೆಗೆ ಸಾಸಿವೆ, ದೀಪಕ್ಕೆ ಹರಳೆಣ್ಣೆ, ದನಕ್ಕೆ ಹುಲ್ಲು ಎಂದು ಲೆಕ್ಕ ಹಾಕುತ್ತಿದ್ದ ಮನೆಯೊಡತಿಯ ಗಣಿತ ಎರಡನೆಯ ಬಗೆಯದು.

6. ನೀರಾವರಿ ಮತ್ತು ಪದಗಳ ಪಲ್ಲಟ

ಖುಷ್ಕಿ, ತರಿ, ಬಾಗಾಯ್ತು ಎಂಬ ಪಾರಸೀ ಮೂಲದ ಪದಗಳು ಕಂದಾಯ ಆಡಳಿತದ ಮೂಲಕ ಕನ್ನಡದ ಹಳ್ಳಿಗಳನ್ನು ಹೊಕ್ಕವು. ಒಣಭೂಮಿ, ನೀರಿನ ಭೂಮಿ, ತೋಟದ ಭೂಮಿ ಎಂದು ಇವುಗಳ ಅರ್ಥ. 1830ರ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿ ಆರಂಭವಾಗಿ ಮುಂದೆ ಧಾರವಾಡ ಸೀಮೆಗೂ, 1860ರ ದಶಕದಲ್ಲಿ ಮೈಸೂರಿಗೂ ವಿಸ್ತರಿಸಿದ ಭೂಮಾಪನವು ಮಣ್ಣಿನ ಆಳ, ಬಣ್ಣ, ದೋಷಗಳನ್ನು ನೋಡಿ ಅದರ ಬೆಲೆಯನ್ನು ಆಣೆಗಳಲ್ಲಿ ಕಟ್ಟಿತು. ತೆರಿಗೆಗೆ ಇದು ಅನುಕೂಲವಾದ ವರ್ಗೀಕರಣ. ಭೂಮಿಯನ್ನು ಸುತ್ತಣ ವ್ಯವಸ್ಥೆಯಿಂದ ಬಿಡಿಸಿ ಒಂದೊಂದು ಸರ್ವೆ ನಂಬರಾಗಿ ನೋಡುವ ದೃಷ್ಟಿ ಇಲ್ಲಿ ನೆಲೆಗೊಂಡಿತು.

20ನೆಯ ಶತಮಾನದ ಅಣೆಕಟ್ಟುಗಳು ಖುಷ್ಕಿಯನ್ನು ತರಿಯಾಗಿಸಿದವು. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರದ ನಾಲೆಗಳು ಮಂಡ್ಯದ ರಾಗಿ ಹೊಲಗಳನ್ನು ಭತ್ತ ಮತ್ತು ಕಬ್ಬಿನ ಗದ್ದೆಗಳಾಗಿ ಪರಿವರ್ತಿಸಿದವು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ, ಅವುಗಳಿಗೆ ವಂಗಾಲ ಮತ್ತು ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟು 1962ರಲ್ಲಿ ಗ್ರಂಥ ಪ್ರಕಟಿಸಿದಳು. ಮೊದಲನೆಯದರ ಭೂಮಿಗೆ ನೀರು ಬಂದಿತ್ತು, ಎರಡನೆಯದಕ್ಕೆ ಬಂದಿರಲಿಲ್ಲ. ನೀರು ಬಂದ ಹಳ್ಳಿಯಲ್ಲಿ ಬೇಸಾಯವೇ ಮುಂದುವರಿದುದರಿಂದ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಉಳಿದವು. ನೀರು ಬಾರದ ಹಳ್ಳಿಯವರು ಹೊರಗಿನ ಉದ್ಯೋಗ ವ್ಯಾಪಾರಗಳನ್ನು ಅರಸಿದ್ದರಿಂದ ಅಲ್ಲಿಯೇ ಹೆಚ್ಚು ಪಲ್ಲಟ ಸಂಭವಿಸಿತು. ನೀರಾವರಿಯ ಪರಿಣಾಮ ನಾಲೆಯ ಅಂಚಿಗೇ ನಿಲ್ಲುವುದಿಲ್ಲವೆಂಬುದನ್ನು ಈ ಅಧ್ಯಯನ ತೋರಿಸಿಕೊಟ್ಟಿತು.

1953ರಿಂದ ನೀರು ಹರಿಸಿದ ತುಂಗಭದ್ರಾ ಯೋಜನೆ ಗಂಗಾವತಿ, ಸಿಂಧನೂರು ಸೀಮೆಯ ಜೋಳ ಹತ್ತಿಗಳ ಎರೆಯಲ್ಲಿ ಭತ್ತವನ್ನು ನೆಲೆಗೊಳಿಸಿತು. ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ಭತ್ತದ ರೈತರ ವಸತಿಗಳು ಕ್ಯಾಂಪುಗಳೆಂಬ ಹೆಸರಿನಿಂದಲೇ ಇಂದಿಗೂ ಗುರುತಿಸಲ್ಪಡುತ್ತವೆ. ನೀರನ್ನು ಹಿಡಿದಿಟ್ಟುಕೊಳ್ಳುವ ಎರೆಯ ಗುಣ ಹಿಂಗಾರಿ ಜೋಳಕ್ಕೆ ವರವಾಗಿತ್ತು. ವರ್ಷಕ್ಕೆ ಎರಡು ಬಾರಿ ನೀರು ನಿಲ್ಲಿಸಿದಾಗ ಅದೇ ಗುಣ ಶಾಪವಾಯಿತು. ಬಸಿಯದ ನೀರು ನಿಂತು ಜವಳಾಗಿ, ಲವಣ ಮೇಲೆದ್ದು ಸವಳಾಗಿ, ನಾಲೆಗಳ ಮೇಲ್ಭಾಗದಲ್ಲಿ ವಿಸ್ತಾರವಾದ ಭೂಮಿ ಹದಗೆಟ್ಟಿದೆ. ಸವಳು ಜವಳು ಎಂಬ ಜೋಡಿಪದ ಇಂದು ಇಲಾಖೆಯ ಕಡತಗಳಲ್ಲಿಯೂ ಸ್ಥಾನ ಪಡೆದಿದೆ. ಎರೆ ಎಂಬ ಪದವನ್ನು ಮಣ್ಣಿನ ಬಣ್ಣವಾಗಿ ಮಾತ್ರ ಓದಿ, ಅದರಲ್ಲಿ ಅಡಗಿದ್ದ ಕಾಲದ ಸೂಚನೆಯನ್ನು ಓದದೆ ಹೋದುದರ ಬೆಲೆಯಿದು.

7. ಜೀವನಾಧಾರ, ಮಾರುಕಟ್ಟೆ ಮತ್ತು ಕಣ

ವಿಟಲ್ಸಿ ತನ್ನ ವರ್ಗೀಕರಣಕ್ಕೆ ಬಳಸಿದ ಮಾನದಂಡಗಳಲ್ಲಿ ಉತ್ಪನ್ನದ ವಿನಿಯೋಗವೂ ಒಂದು. ಮನೆಬಳಕೆಗೆ ಬೆಳೆದರೆ ಜೀವನಾಧಾರ ಬೇಸಾಯ, ಮಾರಾಟಕ್ಕೆ ಬೆಳೆದರೆ ವಾಣಿಜ್ಯ ಬೇಸಾಯ. ಅವನ ನಕಾಶೆಯಲ್ಲಿ ಭಾರತದ ಬಹುಭಾಗ ಸಾಂದ್ರ ಜೀವನಾಧಾರ ಬೇಸಾಯದ ಪ್ರದೇಶ. ಭತ್ತ ಪ್ರಧಾನವಾದದ್ದು, ಅಲ್ಲದ್ದು ಎಂದು ಅದರಲ್ಲಿ ಎರಡು ಬಗೆ. ಆದರೆ ಕರ್ನಾಟಕದ ಹಳ್ಳಿಯ ಕಣದಲ್ಲಿ ರಾಶಿಯು ಒಂದು ಮನೆಯ ಸ್ವತ್ತಾಗಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾವಿದ, ನೀರಗಂಟಿ ಮೊದಲಾದ ಆಯಗಾರರ ಪಾಲು ಕಣದಲ್ಲಿಯೇ ಅಳೆಯಲ್ಪಡುತ್ತಿತ್ತು. ಇದು ಮಾರಾಟವೂ ಅಲ್ಲ, ಕೇವಲ ಮನೆಬಳಕೆಯೂ ಅಲ್ಲ, ಮೂರನೆಯದೊಂದು ವಿನಿಯೋಗ. ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಲ್ಲ. ಕಣದ ಪಾಲು ಕೆಲವರಿಗೆ ಹಕ್ಕಾಗಿ ಬಂದರೆ, ಊರಾಚೆ ವಾಸಿಸಬೇಕಾಗಿದ್ದ ದಲಿತ ಸಮುದಾಯಗಳಿಗೆ ಅದು ಬಿಟ್ಟಿ ದುಡಿಮೆಗೂ ಅವಮಾನಕ್ಕೂ ತಳಕು ಹಾಕಿಕೊಂಡಿತ್ತು. ಆಹಾರ ಭೂಗೋಳವು ಬೆಳೆಯ ಹಂಚಿಕೆಯನ್ನು ನಕಾಶಿಸುವಷ್ಟೇ ಎಚ್ಚರದಿಂದ ಅನ್ನದ ಹಂಚಿಕೆಯನ್ನೂ ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದಾಸ್ತಾನು ಕೂಡ ಭೂಗೋಳದ ವಿಷಯವೇ. ಬಯಲುಸೀಮೆಯ ಗಟ್ಟಿನೆಲದಲ್ಲಿ ತೋಡಿದ ಹಗೇವುಗಳಲ್ಲಿ ಜೋಳ, ರಾಗಿಗಳನ್ನು ಸುರಿದು ಬಾಯಿ ಮುಚ್ಚಿ ಬರಗಾಲಕ್ಕೆ ಕಾಯ್ದಿಡುತ್ತಿದ್ದರು. ರಾಗಿ ಹುಳು ಹಿಡಿಯದೆ ಹಲವು ವರ್ಷ ಉಳಿಯುವ ಧಾನ್ಯ. ಸತತ ಮಳೆಯ, ತೇವದ ಕರಾವಳಿಯಲ್ಲಿ ನೆಲದಡಿಯ ಹಗೇವು ಸಾಧ್ಯವಿಲ್ಲ; ಅಲ್ಲಿ ಹುಲ್ಲಿನ ಹಗ್ಗ ಸುತ್ತಿದ ಮುಡಿಯಲ್ಲಿ ಅಕ್ಕಿಯನ್ನು ಕಟ್ಟಿಡುತ್ತಿದ್ದರು.

ಥ್ಯೂನೆನ್ ಕಲ್ಪಿಸಿದ ವರ್ತುಲಗಳು ಬೆಂಗಳೂರಿನ ಸುತ್ತ ಇಂದಿಗೂ ಅಸ್ಪಷ್ಟವಾಗಿ ಕಾಣುತ್ತವೆ. ಬೇಗ ಬಾಡುವ ಸೊಪ್ಪು, ಹೂವುಗಳು ಸಮೀಪದಲ್ಲಿ, ತರಕಾರಿ, ಹಾಲು, ರೇಷ್ಮೆ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರಗಳವರೆಗೆ, ಅದರಾಚೆ ರಾಗಿ. ಆದರೆ ಆ ಮಾದರಿ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆರೆಗಳ ನಾಡಾಗಿದ್ದ ಕೋಲಾರದಲ್ಲಿ ತರಕಾರಿಯನ್ನು ಬೆಳೆದದ್ದು ಆಳದ ಕೊಳವೆಬಾವಿಗಳಿಂದ. ಇನ್ನೊಂದೆಡೆ ದಾವಣಗೆರೆ, ಹಾವೇರಿ ಸೀಮೆಗಳಲ್ಲಿ 1990ರ ದಶಕದಿಂದೀಚೆಗೆ ಹಬ್ಬಿದ ಮೆಕ್ಕೆಜೋಳ ಬಹುಪಾಲು ಕೋಳಿಯ ಆಹಾರಕ್ಕೂ ಕಾರ್ಖಾನೆಗೂ ಹೋಗುತ್ತದೆ. ಜೋಳದ ಸೀಮೆ ಎಂಬ ಮಾತಿನಲ್ಲಿ ಬೆಳೆಗೂ ಊಟಕ್ಕೂ ಇದ್ದ ಏಕತೆ ಮೆಕ್ಕೆಜೋಳದ ಸೀಮೆ ಎಂಬ ಮಾತಿನಲ್ಲಿ ಇಲ್ಲ.

ಸಮಾರೋಪ

ಜನಪದ ಪರಿಭಾಷೆ ಬದಲಾಗದ ನಿಧಿಯೆಂದು ತಿಳಿಯಬೇಕಾಗಿಲ್ಲ. ಬಳ್ಳಾರಿಯ ಸಮೀಪದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿ, ಹೆಸರು, ಕೊರಲೆಗಳ ಕರಿಗೊಂಡ ಕಾಳುಗಳು ದೊರೆತಿವೆ. ಇಂದು ನಾಡಿನ ಗುರುತಾಗಿರುವ ರಾಗಿ ಮತ್ತು ಜೋಳ ಆಫ್ರಿಕಾ ಮೂಲದವು. ಮೆಣಸಿನಕಾಯಿ, ಶೇಂಗಾ ಅಮೆರಿಕದಿಂದ ಬಂದವು. ಹೊರಗಿನಿಂದ ಬಂದ ಬೆಳೆಯನ್ನು ತನ್ನ ಮಣ್ಣು, ಮಳೆ, ಊಟಗಳ ಸಂಬಂಧಕ್ಕೆ ಒಗ್ಗಿಸಿಕೊಂಡದ್ದೇ ಈ ಪರಂಪರೆಯ ಶಕ್ತಿ. ಆದಕಾರಣ ಹೊಸ ಬೆಳೆ, ಹೊಸ ನೀರು ಬಂದುದೇ ಆತಂಕದ ಸಂಗತಿಯಲ್ಲ. ಸಂಬಂಧವನ್ನು ಕೇಳದೆ ಬಂದುದು ಆತಂಕದ ಸಂಗತಿ.

2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಅನಂತರ ರಾಗಿ, ನವಣೆ, ಕೊರಲೆಗಳಿಗೆ ನಗರದ ಅಂಗಡಿಗಳಲ್ಲಿ ಮನ್ನಣೆ ದೊರೆತಿದೆ. ಧಾನ್ಯ ಮರಳಿದೆ, ಅಕ್ಕಡಿ ಅದೇ ಪ್ರಮಾಣದಲ್ಲಿ ಮರಳಿಲ್ಲ. ಒಂಟಿ ಬೆಳೆಯಾಗಿ ಬೆಳೆದ ರಾಗಿ ಮಾರುಕಟ್ಟೆಯ ಸರಕಾಗಬಲ್ಲದೇ ಹೊರತು ಒಂದು ಮನೆಯ ಪೂರ್ಣ ಊಟವಾಗಲಾರದು.

ಒಟ್ಟಿನಲ್ಲಿ, ಕೃಷಿ ಭೂಗೋಳದ ಪರಿಕಲ್ಪನೆಗಳು ಹೋಲಿಕೆಗೆ, ಅಳತೆಗೆ ಅನಿವಾರ್ಯ. ಜನಪದ ಪರಿಕಲ್ಪನೆಗಳು ಅಳತೆಯು ಏನನ್ನು ಬಿಟ್ಟಿದೆ ಎಂಬುದನ್ನು ತೋರಿಸಲು ಅನಿವಾರ್ಯ. ಜಾನಪದ ಸಂಗ್ರಹಕಾರರ ಹೊಣೆ ಇಲ್ಲಿ ಇಮ್ಮಡಿಯಾದುದು. ಬೆಟ್ಟು ಎಂದರೆ ಎತ್ತರದ ಗದ್ದೆ, ಅಕ್ಕಡಿ ಎಂದರೆ ಮಿಶ್ರಬೆಳೆ ಎಂದು ಅರ್ಥ ಬರೆದರೆ ಸಾಲದು. ಎಷ್ಟು ಸಾಲಿಗೆ ಒಂದು ಅಕ್ಕಡಿ, ಯಾವ ಮಳೆಗೆ, ಯಾವ ಮಣ್ಣಿಗೆ, ಯಾರ ದುಡಿಮೆಯಿಂದ, ಯಾರ ಊಟಕ್ಕೆ ಎಂಬುದನ್ನೂ ದಾಖಲಿಸಬೇಕು. ಆ ಸಾಲುಗಳನ್ನು ಬಿತ್ತಿದ ಕೈಗಳು ಇನ್ನೂ ಹಲವು ಹಳ್ಳಿಗಳಲ್ಲಿ ಇವೆ. ಅವರಿಂದ ಕೇಳಿ ಬರೆದಿಟ್ಟರೆ ಅದು ಮುಂದೆ ಬಿತ್ತಲು ಬಯಸುವವರಿಗೆ ಬಳಕೆಗೆ ಬರುತ್ತದೆ; ಬರಿಯ ಪದವನ್ನು ಉಳಿಸಿದರೆ ಅದು ಪದಕೋಶದ ಒಂದು ನಮೂದಾಗಿ ಮಾತ್ರ ಉಳಿಯುತ್ತದೆ.